ಉಪ್ಪುನೀರಿನ ತೊಟ್ಟಿಗೊಂದು ಬಂಡೆಗೋಡೆ

ಕಾವ್ಯದ ಬಗ್ಗೆ ಮಾತಾಡುವ ಆಂಟಿ ಇವತ್ತು ಸಿಮೆಂಟು, ಸಿಲಿಕೋನು ಅಂತ ಶುರುಮಾಡಿದ್ದಾರಲ್ಲ ಅಂತ ನಗಬೇಡಿ. ನಮ್ಮ ಮನೆಯಲ್ಲಿ ನಾಲ್ಕಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರ ಹಿಂದಿನ ಗಾಜಿಗೆ ಬಂಡೆಗೋಡೆ ಕಟ್ಟಬೇಕು ಅನ್ನುವುದು ನನ್ನ ಮಗನ ಆಸೆಯಾಗಿತ್ತು. ವೈರು, ಪೈಪುಗಳೆಲ್ಲ ಮರೆಯಾಗಿ, ಹವಳದ ದಿಬ್ಬದ ಒಂದು ತುಂಡನ್ನೇ ತಂದಿಟ್ಟ ಹಾಗೆ ಕಾಣುತ್ತದೆ.

ಮೊದಲ ಗೋಡೆ ಸಿಮೆಂಟಿನದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹವಳದ ಪುಡಿ ಬೆರೆಸಿ ಪ್ಲಾಸ್ಟಿಕ್ ಜಾಲರಿಯ ಮೇಲೆ ಮೆತ್ತಿದೆವು. ಕಬ್ಬಿಣದ ಜಾಲರಿ ಕೂಡದು, ತುಕ್ಕು ಹಿಡಿಯುತ್ತದೆ. ಸಿಮೆಂಟು ಎರಡು ದಿನಕ್ಕೆ ಗಟ್ಟಿಯಾಗುತ್ತದೆ ನಿಜ, ಆದರೆ ಅದರೊಳಗಿನ ಸುಣ್ಣ ನೀರಿಗೆ ಇಳಿಯುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತ ವಾರಗಟ್ಟಲೆ ಕಾಯಬೇಕು. ಊರಲ್ಲಿ ಹೊಸ ತೊಟ್ಟಿ ಕಟ್ಟಿದಾಗ ನೀರು ತುಂಬಿಸಿ ತುಂಬಿಸಿ ಚೆಲ್ಲುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳೇ.

ಆದರೆ ಯುಗಾದಿಗೆ ಮನೆಗೆ ಜನ ಬರುವವರಿದ್ದರು. "ಇನ್ನೂ ಎರಡು ವಾರ ಬೇಕಮ್ಮ" ಅಂದ ಮಗ. "ಎಂಟು ದಿನ ನೆನೆಸಿದ್ದು ಸಾಕು ಕಣೋ" ಅಂತ ಇಳಿಸಿಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಬಸವನಹುಳುಗಳೆಲ್ಲ ತಲೆಕೆಳಗಾಗಿ ಮರಳಲ್ಲಿ ಬಿದ್ದಿದ್ದವು. ಇಂಥ ತೊಟ್ಟಿಯ ಪಿಎಚ್ 8.1ರಿಂದ 8.4ರ ನಡುವೆ ಇರಬೇಕು. ಮೀಟರು 9 ದಾಟಿತ್ತು. ಪಿಎಚ್‌ನಲ್ಲಿ ಒಂದಂಕಿ ಏರಿದರೆ ಕ್ಷಾರ ಹತ್ತು ಪಟ್ಟು ಹೆಚ್ಚಿದಂತೆ. ಕ್ಲೌನ್‌ಫಿಶ್ ಜೋಡಿಯನ್ನು ಹೊಸ ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಉಳಿಸಿಕೊಂಡೆವು. ಹನ್ನೊಂದು ಬಸವನಹುಳು ಹೋದವು. ಮಗ ಕೂಗಾಡಲಿಲ್ಲ, ಒಂದೊಂದೇ ಎತ್ತಿ ಪೇಪರಿನ ಮೇಲೆ ಇಟ್ಟ. ಕೂಗಾಡಿದ್ದರೇ ವಾಸಿಯಿತ್ತು. "ತಪ್ಪು ನಂದೇ ಕಣೋ" ಅಂದೆ. "ಹೌದು" ಅಂದ, ಅಷ್ಟೇ.

ಎರಡನೇ ಗೋಡೆಗೆ ಮೇಸ್ತ್ರಿ ಅವನು, ಕೈಯಾಳು ನಾನು. ಸೀಲಿಂಗ್ ಲೈಟಿನ ಕೆಳಗೆ ಹಾಕುವ ಚೌಕಳಿ ಪ್ಲಾಸ್ಟಿಕ್ ಜಾಲರಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೊಟ್ಟಿಯ ಮೇಲೆ ಅಡ್ಡಪಟ್ಟಿ ಇದ್ದರೆ ಅಗಲವಾದ ಗೋಡೆ ಒಳಗೆ ಇಳಿಯುವುದಿಲ್ಲ, ಅದಕ್ಕೇ ಎರಡು ತುಂಡು ಮಾಡಿಕೊಂಡೆವು. ಹಗುರವಾದ ಒಣ ಬಂಡೆಚೂರುಗಳನ್ನು ಜಿಪ್‌ಟೈಯಿಂದ ಜಾಲರಿಗೆ ಬಿಗಿದು, ಸಂದುಗಳಿಗೆ ಕೊಳಕ್ಕೆ ಬಳಸುವ ಕಪ್ಪು ಫೋಮ್ ತೆಳ್ಳಗೆ ಹಾಕಬೇಕು. ಅದು ದೋಸೆಹಿಟ್ಟಿಗಿಂತ ಜೋರಾಗಿ ಉಬ್ಬುತ್ತದೆ! ಗ್ಯಾರೇಜಿನ ಬಾಗಿಲು ತೆರೆದಿಡಿ, ಕೈಗವಸು ಮರೆಯಬೇಡಿ. ನಾನು ಮರೆತು, ಕಪ್ಪು ಬೆರಳಲ್ಲೇ ವಾರವಿಡೀ ಚಪಾತಿ ಲಟ್ಟಿಸಿದೆ. ಮಾರನೆಯ ದಿನ ಫೋಮನ್ನು ಚಾಕುವಿನಿಂದ ಕೆತ್ತಿ, ಅಕ್ವೇರಿಯಂಗೆ ಆಗುವ ಎಪಾಕ್ಸಿ ಸವರಿ, ಅದು ಒಣಗುವ ಮೊದಲೇ ಅರಗೊನೈಟ್ ಮರಳು ಒತ್ತಿದೆವು.

ಫೋಮಿನೊಳಗೆ ಇರುವುದೆಲ್ಲ ಗಾಳಿ, ನೀರು ತುಂಬಿದೊಡನೆ ಮೇಲೇಳಲು ನೋಡುತ್ತದೆ. ಹಾಗಾಗಿ ಖಾಲಿ ತೊಟ್ಟಿಯನ್ನು ಬೆನ್ನ ಮೇಲೆ ಮಲಗಿಸಿ, ಗೋಡೆಯ ಹಿಂಬದಿಗೆಲ್ಲ ಸಿಲಿಕೋನ್ ಬಳಿದು ಗಾಜಿಗೆ ಅಂಟಿಸಬೇಕು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಮದ್ದು ಬೆರೆಸಿದ ಸಿಲಿಕೋನ್ ಬೇಡವೇ ಬೇಡ, ಅದು ವಿಷ. ಅಂಚುಗಳಲ್ಲಿ ಸಂದು ಉಳಿದರೆ ಸೀಗಡಿಯೋ ಮರಿಮೀನೋ ಹಿಂದೆ ನುಸುಳಿ ಸಿಕ್ಕಿಬೀಳುತ್ತವೆ, ಕೊಳೆಯೂ ಅಲ್ಲೇ ಸೇರುತ್ತದೆ. ಸಿಲಿಕೋನಿನ ವಿನೆಗರ್ ವಾಸನೆ ಪೂರ್ತಿ ಹೋಗಲು ಒಂದು ವಾರ ಬಿಟ್ಟೆವು. ಆಮೇಲೆ ನೀರು ತುಂಬಿಸಿ, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಲ್ಲುವವರೆಗೆ ಮೀನುಗಳನ್ನು ಬೇರೆ ತೊಟ್ಟಿಯಲ್ಲೇ ಇಟ್ಟೆವು. ಆ ವರ್ಷ ದೀಪಾವಳಿಗೆ ಬಂದವರಿಗೆ ಕಂಡದ್ದು ಬರೀ ನೀರು. "ಮೀನೆಲ್ಲಿ?" ಅಂದರು. "ಬರುತ್ತವೆ" ಅಂದೆ.

ಈಗ ಗೋಡೆಯ ಮೇಲೆ ನೇರಳೆ ಬಣ್ಣದ ಪಾಚಿ ಪದರಪದರವಾಗಿ ಹಬ್ಬಿದೆ. ಮಗ ಕಾಲೇಜಿಗೆ ಹೋಗಿದ್ದಾನೆ. ಭಾನುವಾರ ಫೋನು ಮಾಡಿದರೆ ಊಟ ಆಯ್ತಾ ಅಂತ ನಾನು ಕೇಳುವ ಮೊದಲೇ, "ಅಮ್ಮ, ಪಿಎಚ್ ಎಷ್ಟು?" ಅನ್ನುತ್ತಾನೆ. ಈ ವಾರ 8.2 ಇತ್ತು.