ಯಂತ್ರ ಯಾರದು, ಪೊರಕೆ ಯಾರದು?

(ಹರಿಹರದಲ್ಲಿ ಕೂಲಿಕಾರರು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತು)



ಬಂಡವಾಳಶಾಹಿ ಅಂದರೇನು, ಸಮಾಜವಾದ ಅಂದರೇನು ಅಂತ ಮಾತಾಡಲು ಹೇಳಿದ್ದೀರಿ. ಇವೆರಡೂ ದಪ್ಪ ಪುಸ್ತಕದ ಮಾತು, ನಮಗೆ ಯಾಕೆ ಅಂತ ನಮ್ಮ ಜನ ದೂರ ಇಟ್ಟಿದ್ದಾರೆ. ಆದರೆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವಾಗಿನಿಂದ ರಾತ್ರಿ ಕೈಗೆ ಕಾಸು ಬರುವವರೆಗೂ ಇವು ನಮ್ಮ ಬೆನ್ನ ಮೇಲೇ ಕೂತಿರುತ್ತವೆ. ಅದಕ್ಕೇ ಪುಸ್ತಕ ಆಮೇಲೆ ನೋಡೋಣ. ಮೊದಲು ದುಡಿಯುವ ಜಾಗಕ್ಕೆ ಹೋಗಿ ನಾಲ್ಕು ಪ್ರಶ್ನೆ ಕೇಳೋಣ. ಸಾಧನ ಯಾರದು? ಗಂಟೆ ಎಣಿಸುವವರು ಯಾರು? ಕೆಲಸ ನಿಂತರೆ ಬೀದಿಗೆ ಬೀಳುವವರು ಯಾರು? ಯಾವ ಕೆಲಸ ಯಾವ ಕೇರಿಗೆ? ಮೊದಲ ಮೂರನ್ನು ಕೆಂಬಾವುಟದ ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದಾರೆ. ನಾಲ್ಕನೆಯದನ್ನು ಮಾತ್ರ ನಾವೇ ಎತ್ತಬೇಕಾಗಿದೆ.

ಮೊದಲನೆಯದಕ್ಕೆ ಬೀಡಿ ಕಟ್ಟುವ ತಾಯಂದಿರ ಹತ್ತಿರ ಹೋಗೋಣ. ನಮ್ಮ ಓಣಿಗಳಲ್ಲಿ ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಸುತ್ತುವವರಿಗೆ ಎಲೆ, ತಂಬಾಕು ಗುತ್ತಿಗೆದಾರನಿಂದ ಬರುತ್ತೆ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಎಲೆ ನೆನೆಸಿದ್ದು, ಕತ್ತರಿಸಿದ್ದು, ಮಗಳು ಶಾಲೆಯಿಂದ ಬಂದು ದಾರ ಸುತ್ತಿದ್ದು ಯಾವುದೂ ಲೆಕ್ಕಕ್ಕಿಲ್ಲ. ಸರಿಯಿಲ್ಲ ಅಂತ ಅವನು ಎತ್ತಿ ಹಾಕಿದ ಬೀಡಿಗೂ ಕೂಲಿ ಇಲ್ಲ. ಕೂರುವ ಜಾಗ, ದೀಪದ ಖರ್ಚು, ಎದೆಯ ಕೆಮ್ಮು ಎಲ್ಲ ಇವರದು. ಕಟ್ಟಿನ ಮೇಲಿನ ಮಾರ್ಕು ಮಾತ್ರ ಕಂಪನಿಯದು. ಕೂಲಿ, ಎಲೆ, ತಂಬಾಕಿನ ಖರ್ಚು ಕಳೆದು ಉಳಿಯುವ ಹಣ ಬಂಡವಾಳ ಹಾಕಿದವನ ಜೇಬಿಗೆ. ಇದಕ್ಕೇ ಬಂಡವಾಳಶಾಹಿ ಅಂತ ಹೆಸರು. ಮಾಲೀಕ ಒಳ್ಳೆಯವನೋ ಕೆಟ್ಟವನೋ ಅನ್ನೋದು ಇಲ್ಲಿ ಪ್ರಶ್ನೆ ಅಲ್ಲ. ಒಳ್ಳೆಯವನಾದರೆ ಹಬ್ಬಕ್ಕೊಂದು ಸೀರೆ ಕೊಟ್ಟಾನು. ಲೆಕ್ಕದ ಪುಸ್ತಕ ಅಂತೂ ಕೊಡೋದಿಲ್ಲ.

ಇದಕ್ಕೆ ಬೇರೆ ದಾರಿ ಇಲ್ಲವೇ? ಇದೆ. 1966ರಲ್ಲಿ ಬೀಡಿ ಕಾರ್ಮಿಕರಿಗೆ ಕೆಲಸದ ವೇಳೆ, ರಜೆ, ಸೌಲಭ್ಯ ಕೊಡಬೇಕು ಅಂತ ಕಾನೂನು ಆಯಿತು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರು ಕಡೆಯ ದೊಡ್ಡ ಬೀಡಿ ಮಾಲೀಕರು ಕಣ್ಣೂರಿನಲ್ಲಿ ಬಾಗಿಲು ಹಾಕಿದರು. ಸುಮಾರು 12,000 ಜನ ಬೀದಿಗೆ ಬಿದ್ದರು. 1969ರಲ್ಲಿ ಆ ಕಾರ್ಮಿಕರೇ ಸರ್ಕಾರದ ನೆರವು ಪಡೆದು ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಭವಿಷ್ಯನಿಧಿ, ಬೋನಸ್ಸು, ಹೆರಿಗೆ ರಜೆ ಬಂತು. ಬೀಡಿ ಮಾರಾಟ ಕುಗ್ಗಿದ ಕಾಲಕ್ಕೆ ಕೊಡೆ, ಅಡಿಗೆ ಸಾಮಾನು ತಯಾರಿಸಲು ಹೊರಳಿಕೊಂಡರು. ಎಲೆ ಅದೇ, ಬೆರಳೂ ಅವೇ, ಒಡೆತನ ಬದಲಾಗಿತ್ತು. ಸಮಾಜವಾದದ ಒಂದು ಸಣ್ಣ ತುಣುಕು ಹೆಂಗಿರುತ್ತೆ ಅಂತ ಕೇಳಿದರೆ ಇದನ್ನು ತೋರಿಸಬಹುದು.

ಇನ್ನು ಗಂಟೆಯ ಮಾತು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದದ್ದು ಗಿರಣಿಗಳಿಂದ. 1930ರ ದಶಕದಲ್ಲಿ ಹತ್ತಿ ಗಿರಣಿ ಎದ್ದ ಮೇಲೆ ಊರು ಎದ್ದಿದ್ದು, ಉಂಡಿದ್ದು, ಮಲಗಿದ್ದು ಎಲ್ಲ ಸೈರನ್ನಿನ ಮೇಲೆ. ಎಂಟು ಗಂಟೆಯ ಪಾಳಿ ಯಾರೂ ದಯೆಯಿಂದ ಕೊಟ್ಟದ್ದಲ್ಲ. ಲೋಕದ ಕಾರ್ಮಿಕರು ರಕ್ತ ಸುರಿಸಿ ಪಡೆದದ್ದು. ನಮ್ಮ ದೇಶದಲ್ಲಿ ವಾರಕ್ಕೆ 54 ಗಂಟೆ ಇದ್ದ ಕಾರ್ಖಾನೆ ದುಡಿಮೆಯನ್ನು 48ಕ್ಕೆ ಇಳಿಸಿದ್ದು 1946ರ ತಿದ್ದುಪಡಿ. ಅದನ್ನು ತಂದ ಕಾರ್ಮಿಕ ಖಾತೆಯ ಸದಸ್ಯರು ಬಾಬಾಸಾಹೇಬ್ ಅಂಬೇಡ್ಕರ್. ಅವರನ್ನು ಬರೀ ಮೀಸಲಾತಿಯ ನಾಯಕ ಅಂತ ಕರೆಯುವ ಎಲ್ಲ ಜಾತಿಯ ಕಾರ್ಮಿಕರೂ ಈ ಆರು ಗಂಟೆಯನ್ನು ನೆನಪಿಡಬೇಕು. 2023ರಲ್ಲಿ ಕರ್ನಾಟಕದ ಶಾಸನಸಭೆ ವಾರದ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಪಡೆದದ್ದನ್ನು ಕಾಯದಿದ್ದರೆ ಹಿಂಗೇ ಆಗುತ್ತೆ. ಇನ್ನು ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ನಿಂತವರಿಗೆ ಯಾವ ಸೈರನ್ನೂ ಇಲ್ಲ. ಚೀಲ ಖಾಲಿ ಆಗೋದೇ ಅವರ ಗಡಿಯಾರ.

ಮೂರನೆಯ ಪ್ರಶ್ನೆ, ಕೆಲಸ ನಿಂತಾಗಿನದು. ಇದಕ್ಕೆ ಉತ್ತರ ದಾವಣಗೆರೆಯ ಗಿರಣಿಗಳೇ ಹೇಳುತ್ತವೆ, ಹರಿಹರದ ಯಂತ್ರಾಪುರವೂ ಹೇಳುತ್ತೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಆರಂಭದ ಹೊತ್ತಿಗೆ ಅದರ ಬಾಗಿಲು ಮುಚ್ಚಿತು. ಗಿರಣಿಗಳು ಅದಕ್ಕೂ ಮುಂಚೆಯೇ ಒಂದೊಂದಾಗಿ ಕಣ್ಣು ಮುಚ್ಚುತ್ತಾ ಬಂದಿದ್ದವು. ಯಂತ್ರ ನಿಂತರೆ ಗುಜರಿಗಾದರೂ ಬೆಲೆ ಇದೆ, ಜಾಗಕ್ಕಂತೂ ಇನ್ನೂ ಹೆಚ್ಚು. ನಲವತ್ತೈದು ದಾಟಿದ ಫಿಟ್ಟರನಿಗೆ, ನೂಲು ತೆಗೆಯುವವನಿಗೆ ಯಾವ ಬೆಲೆ? ಲಾಭ ಬಂದಾಗ ಅದು ಮಾಲೀಕನ ಬುದ್ಧಿವಂತಿಕೆ. ನಷ್ಟ ಬಂದಾಗ ಮಾತ್ರ ಅದನ್ನು ಎಲ್ಲರಿಗೂ ಹಂಚುತ್ತಾರೆ. ಕೆಲಸ, ಮನೆ, ಶಾಲೆ, ಆಸ್ಪತ್ರೆ ಇವು ದುಡಿಯುವವನ ಹಕ್ಕು ಅಂತ ಸಮಾಜವಾದ ಹೇಳುತ್ತೆ. ಆ ಮಾತಿನ ಬಲದಿಂದಲೇ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ದಾವಣಗೆರೆಯ ಜನ 1978, 1983, 1985ರಲ್ಲಿ ಮೂರು ಸಾರಿ ವಿಧಾನಸಭೆಗೆ ಕಳಿಸಿದರು.

ಹಂಗಾದರೆ ಎಲ್ಲವನ್ನೂ ಸರ್ಕಾರ ವಹಿಸಿಕೊಂಡರೆ ಮುಗೀತಲ್ಲ ಅನ್ನಬಹುದು. ಮುಗಿಯೋದಿಲ್ಲ. ಸೋವಿಯತ್ ರಷ್ಯಾದಲ್ಲಿ ನಿರುದ್ಯೋಗದ ಭಯ ಇರಲಿಲ್ಲ, ಮಕ್ಕಳ ಓದಿಗೆ ಕಾಸು ಬೇಕಿರಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೆ 1962ರಲ್ಲಿ ಮಾಂಸ, ಬೆಣ್ಣೆಯ ಬೆಲೆ ಏರಿತು, ಕೂಲಿ ದರ ಇಳಿಯಿತು ಅಂತ ನೊವೊಚೆರ್ಕಾಸ್ಕ್ ಊರಿನ ರೈಲು ಎಂಜಿನ್ ಕಾರ್ಖಾನೆಯವರು ಬೀದಿಗೆ ಬಂದಾಗ ಕಾರ್ಮಿಕರ ಸರ್ಕಾರವೇ ಗುಂಡು ಹಾರಿಸಿತು. 26 ಜನ ಸತ್ತರು. ಆ ಸುದ್ದಿಯನ್ನು ಎಷ್ಟೋ ವರ್ಷ ಹೂತಿಟ್ಟರು. ಇದನ್ನೂ ಮುಚ್ಚಿಡಬಾರದು.

ಅಷ್ಟು ದೂರ ಯಾಕೆ, ಹೊಳೆ ದಾಟಿ ನೋಡಿ. ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಮರ ಬೆಳೆಸಿಕೊಡಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಮಾಡಿದರು. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ 51. ಹೆಚ್ಚಿನ ಪಾಲು ಜನರದೇ ಅಂತ ಆಯಿತಲ್ಲ! ಆದರೆ ಅವರು ಕೈ ಹಾಕಿದ್ದು ಹಳ್ಳಿಯ ಬಡವರು ದನ ಮೇಯಿಸುವ, ಸೌದೆ ಆಯುವ ಸುಮಾರು 75,000 ಎಕರೆಗೆ. 1987ರ ನವೆಂಬರಿನಲ್ಲಿ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಬೇಕಾಯಿತು. ಸರ್ಕಾರದ ಬೋರ್ಡು ಬೇರೆ, ಸಮಾಜದ ಒಡೆತನ ಬೇರೆ. ದುಡಿಯುವವನಿಗೆ ಲೆಕ್ಕ ಕೇಳುವ, ಬೇಡ ಅನ್ನುವ ಅಧಿಕಾರ ಇಲ್ಲದಿದ್ದರೆ ಮಾಲೀಕನ ಟೊಪ್ಪಿಗೆ ಬದಲಾಯಿತು ಅಷ್ಟೆ.

ಈಗ ನಾಲ್ಕನೆಯ ಪ್ರಶ್ನೆ. ಯಾವ ಕೆಲಸ ಯಾವ ಕೇರಿಗೆ?

ಮುಂಬಯಿಯ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದದ್ದು ನೇಯ್ಗೆ ಖಾತೆಯಲ್ಲಿ. ಅಲ್ಲಿಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆಯಬೇಕು, ಎಂಜಲಾಗುತ್ತೆ ಅನ್ನೋದು ಕಾರಣ. ಅಡ್ಡ ನಿಂತವರಲ್ಲಿ ಪಕ್ಕದ ಮಗ್ಗದ ಕಾರ್ಮಿಕನೂ ಇದ್ದ. 1928ರ ಮುಷ್ಕರದ ಕಾಲಕ್ಕೇ ಅಂಬೇಡ್ಕರ್ ಇದನ್ನು ಎತ್ತಿದರು. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ನಮ್ಮ ಶತ್ರುಗಳು ಅಂತ ಸಾರಿದರು.

ನಮ್ಮೂರಿಗೇ ಬನ್ನಿ. ಬೆಳಗಿನ ಜಾವ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಪೊರಕೆ ಹಿಡಿದವರನ್ನು ನೋಡಿ. ಬೀದಿ ಸಾರ್ವಜನಿಕರದು, ಗಾಡಿ ನಗರಪಾಲಿಕೆಯದು. ಇಲ್ಲಿ ಲಾಭ ಹೊಡೆಯುವ ಗಿರಣಿ ಮಾಲೀಕ ಇಲ್ಲ. ಆದರೂ ಪೊರಕೆ ಹಿಡಿದ ಕೈ ಯಾವ ಕೇರಿಯದು? ಗಿರಣಿಯ ಒಡೆತನ ಬದಲಾದರೆ ಜಾತಿ ತಾನಾಗೇ ಉದುರಿ ಹೋಗುತ್ತೆ ಅನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಲಿ. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ಬಂತು. ಅದಾದ ಮೇಲೂ ಈ ದೇಶದ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರು ಯಾರ ಮಕ್ಕಳು?

ಹಂಗಂತ ಬಂಡವಾಳಶಾಹಿಯೇ ನಮ್ಮನ್ನು ಬಿಡಿಸುತ್ತೆ, ದುಡ್ಡಿಗೆ ಜಾತಿ ಇಲ್ಲ ಅನ್ನೋದೂ ಸುಳ್ಳು. ಇದೇ ಪೌರಕಾರ್ಮಿಕರನ್ನು ಗುತ್ತಿಗೆಗೆ ಒಪ್ಪಿಸಿದಾಗ ಹಳೆಯ ಜಾತಿಯ ಜೊತೆಗೆ ಹೊಸ ದಲ್ಲಾಳಿಯೂ ಬಂದ. ಜಾಡಿಸಿದ್ದು ಇವರು, ಬಿಲ್ಲು ಬರೆದದ್ದು ಅವನು. ಕಾರ್ಮಿಕರು ಒಗ್ಗಟ್ಟಾಗಿ 2022ರಲ್ಲಿ ಮುಷ್ಕರ ಹೂಡಿದ ಮೇಲೆ ರಾಜ್ಯದಲ್ಲಿ 11,133 ಜನರನ್ನು ಕಾಯಂ ಮಾಡಲು ಸರ್ಕಾರ ಒಪ್ಪಿತು. ಕಾಯಂ ಕೆಲಸದ ಸಂಬಳದಲ್ಲಿ ಮಗಳು ಕಾಲೇಜಿಗೆ ಹೋಗಬಹುದು. ಪೊರಕೆ ಮುಂದಿನ ತಲೆಗೆ ದಾಟದಂತೆ ತಡೆಯಬಹುದು. ಆದರೆ ಅದು ಕೇರಿಯಿಂದ ಕೇರಿಗೆ ದಾಟೀತೇ? ಅದಕ್ಕೆ ಬೇರೆಯದೇ ಹೋರಾಟ ಬೇಕು.

1947ರಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಗಾಗಿ ಒಂದು ಮನವಿ ಬರೆದರು. ಮುಖ್ಯ ಕೈಗಾರಿಕೆಗಳು ರಾಜ್ಯದ ಕೈಯಲ್ಲಿರಲಿ, ಭೂಮಿಯೂ ರಾಜ್ಯದ್ದಾಗಿ ಜಾತಿ ಭೇದ ಇಲ್ಲದೆ ಹಳ್ಳಿಗರಿಗೆ ಸಾಮೂಹಿಕ ಸಾಗುವಳಿಗೆ ಸಿಗಲಿ, ಇದನ್ನು ಸಂವಿಧಾನದಲ್ಲೇ ಬರೆದಿಡಿ ಅಂದರು. ಜೊತೆಗೆ ಮತದಾನ, ಸಂಸತ್ತು ಇರಲೇಬೇಕು, ಸರ್ವಾಧಿಕಾರ ಬೇಡ ಅಂದರು. ಅದು ಆಗಲಿಲ್ಲ. 1976ರಲ್ಲಿ ಸಮಾಜವಾದಿ ಅನ್ನುವ ಪದ ಮಾತ್ರ ಪೀಠಿಕೆಗೆ ಸೇರಿತು. ಭೂಮಿ ಇದ್ದವರ ಕೈಯಲ್ಲೇ ಬಹುಪಾಲು ಉಳಿಯಿತು.

ಆದ್ದರಿಂದ ಗೆಳೆಯರೇ, ಎರಡರಲ್ಲಿ ಯಾವುದು ಅಂತ ಕೇಳಿದರೆ ನಮ್ಮ ದಾರಿ ಸಮಾಜವಾದದ್ದೇ. ಹಸಿದ ಹೊಟ್ಟೆಗೆ ಬಂಡವಾಳಶಾಹಿಯಲ್ಲಿ ಉತ್ತರ ಇಲ್ಲ. ಆದರೆ ಜಾತಿ ನಾಶ ಆಮೇಲೆ ನೋಡೋಣ ಅನ್ನುವ ಸಮಾಜವಾದ ನಮಗೆ ಬೇಡ. ಯೂನಿಯನ್ನಿಗೆ ಸೇರಿ, ಚಂದಾ ಕೊಡಿ, ಬಾವುಟ ಹಿಡಿಯಿರಿ. ಹಾಜರಿ ಪುಸ್ತಕ, ಕೂಲಿ ಚೀಟಿ ಓದಲು ಕಲಿತು ತಾಯಂದಿರಿಗೂ ಕಲಿಸಿ. ಸಭೆಯಲ್ಲಿ ಬೇಡಿಕೆಗಳ ಪಟ್ಟಿ ಓದುವಾಗ ಮಾತ್ರ ಸುಮ್ಮನೆ ಕೂರಬೇಡಿ. ಎದ್ದು ನಿಂತು ನಾಲ್ಕನೆಯ ಪ್ರಶ್ನೆ ಕೇಳಿ. ಅದನ್ನು ಪಟ್ಟಿಯಲ್ಲಿ ಬರೆಸಿಯೇ ಕೂತುಕೊಳ್ಳಿ.

ಜೈ ಭೀಮ್.