ಗೋಡೆ ಕೇಳಿದ ಪ್ರಶ್ನೆ



ಅನ್ಯಾಯದ ಚಿತ್ರ ಬರೆಯಿರಿ ಎಂದರೆ ನಾವು ಸಂಕೋಲೆಯನ್ನೋ ಕಣ್ಣೀರನ್ನೋ ಬರೆದುಬಿಡುತ್ತೇವೆ. ರ‍್ಯಾಪ್ ತೋರಿಸುವ ದಾರಿ ಬೇರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೆಳೆದ ಈ ಹಾಡುಗಾರಿಕೆ ತನ್ನ ಬೀದಿಯಲ್ಲಿ ನಡೆದುದನ್ನು ನೇರವಾಗಿ ಹೇಳುತ್ತದೆ. ಗೋಡೆಬರಹ ಅದರ ಜೊತೆಗೇ ಬೆಳೆದ ಕಲೆ.

1983ರ ಸೆಪ್ಟೆಂಬರಿನಲ್ಲಿ ಆ ನಗರದ ಸುರಂಗ ರೈಲು ನಿಲ್ದಾಣದಲ್ಲಿ ಗೋಡೆಯ ಮೇಲೆ ಬರೆದನೆಂಬ ಆಪಾದನೆಗಾಗಿ ಮೈಕೆಲ್ ಸ್ಟೀವರ್ಟ್ ಎಂಬ 25 ವರ್ಷದ ಕಪ್ಪು ಯುವಕನನ್ನು ಪೊಲೀಸರು ಬಂಧಿಸಿದರು. ಅವರ ವಶದಲ್ಲಿ ಪ್ರಜ್ಞೆ ತಪ್ಪಿದ ಆತ 13 ದಿನಗಳ ಬಳಿಕ ತೀರಿಕೊಂಡ. ವಿಚಾರಣೆಗೊಳಗಾದ ಆರು ಅಧಿಕಾರಿಗಳೂ 1985ರಲ್ಲಿ ಖುಲಾಸೆಯಾದರು.

ಕಲಾವಿದ ಬಾಸ್ಕಿಯಾ 1983ರಲ್ಲೇ ಒಂದು ರ‍್ಯಾಪ್ ಧ್ವನಿಮುದ್ರಿಕೆಯನ್ನು ಹೊರತಂದು ಅದರ ಹೊದಿಕೆಯನ್ನೂ ರಚಿಸಿದ್ದವರು. ಈ ಸಾವನ್ನು ಅವರು ಗೆಳೆಯ ಕೀತ್ ಹ್ಯಾರಿಂಗರ ಚಿತ್ರಶಾಲೆಯ ಗೋಡೆಯ ಮೇಲೆ ಚಿತ್ರಿಸಿದರು: ದೊಣ್ಣೆ ಹಿಡಿದ ಇಬ್ಬರು ಪೊಲೀಸರು, ನಡುವೆ ಮುಖವಿಲ್ಲದ ಕಪ್ಪು ನೆರಳು. ಮೇಲೆ ‘ವಿರೂಪಗೊಳಿಸುವುದು’ ಎಂಬರ್ಥದ ಪದ, ಪ್ರಶ್ನಾರ್ಥಕ ಚಿಹ್ನೆಯೊಡನೆ. ವಿರೂಪವಾದದ್ದು ಗೋಡೆಯೋ, ಮನುಷ್ಯನೋ? ಆ ನೆರಳಿನ ಜಾಗದಲ್ಲಿ ಗೋಡೆಬರಹದಿಂದಲೇ ಮೇಲೆ ಬಂದ ಬಾಸ್ಕಿಯಾ ಕೂಡ ಇರಬಹುದಿತ್ತು.

ನೀವೂ ‘ಅನ್ಯಾಯ’ ಎಂಬ ದೊಡ್ಡ ಮಾತನ್ನು ಬದಿಗಿಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ಘಟನೆಯನ್ನು ಎತ್ತಿಕೊಳ್ಳಿ. ಯಾರಿಗೆ ಮುಖ ಬರೆಯಬೇಕು, ಯಾರನ್ನು ನೆರಳಾಗಿ ಬಿಡಬೇಕು ಎಂದು ಯೋಚಿಸಿ. ತೀರ್ಪು ಕೊಡುವ ಕೆಲಸವನ್ನು ನೋಡುವವರಿಗೆ ಬಿಡಿ. ಒಂದು ಪ್ರಶ್ನೆ ಉಳಿದರೆ ಸಾಕು.