ಕೋರ್ಟಿನ ಕಾಗದ ಓದುವವರು ಯಾರು?

(ಅಗಲ್ಪಾಡಿಯಲ್ಲಿ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ಮನೆಗೆ ಕೋರ್ಟಿನಿಂದ ಒಂದು ಕಾಗದ ಬಂತು ಅಂತ ಇಟ್ಟುಕೊಳ್ಳಿ. ಪೂರಾ ಮಲಯಾಳ. ಅಜ್ಜನಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ. ಮತ್ತೆ ಪೇಟೆಯಲ್ಲಿ ಸಿಕ್ಕಿದ ಯಾರ ಹತ್ರವಾದ್ರೂ ಓದಿಸುದು. ಅವರು ಹೇಳಿದ್ದೇ ಅರ್ಥ, ಅವರು ಹೇಳಿದ್ದೇ ಕಾನೂನು. ಇವತ್ತು ಒಬ್ಬ ವಕೀಲರ ಬಗ್ಗೆ ಹೇಳ್ತೇವೆ. ಆ ಕಾಗದ ಮಾತ್ರ ಕಣ್ಣ ಮುಂದೆ ಇರಲಿ.

ಅವರು ವಿ. ಆರ್. ಕೃಷ್ಣ ಅಯ್ಯರ್. ಕೆಲವರು ಹುಬ್ಬು ಗಂಟಿಕ್ಕಿದ್ದು ಕಾಣ್ತಾ ಉಂಟು. ಸರಿಯೇ, ಅವರು ಕನ್ನಡಿಗರಲ್ಲ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಐದೇ ತಿಂಗಳಲ್ಲಿ ಆ ರಾಜ್ಯದ ಕಾನೂನು ಮಂತ್ರಿ ಆದವರು ಇವರು. ಅದೇ ಚುನಾವಣೆಯಲ್ಲಿ ಮಂಜೇಶ್ವರ ಎಂ. ಉಮೇಶ ರಾಯರನ್ನು ಅವಿರೋಧವಾಗಿ ಕಳಿಸಿತ್ತು. ವಿಲೀನದ ವಿಚಾರದಲ್ಲಿ ನಮ್ಮ ತಕರಾರು ಆಗಲೂ ಇತ್ತು, ಈಗಲೂ ಉಂಟು. ಆದ್ರೆ ಅದಕ್ಕಾಗಿ ಈ ಮನುಷ್ಯನನ್ನು ಬಿಟ್ಟರೆ ನಷ್ಟ ನಮಗೇ.

ತಲಶ್ಶೇರಿಯಲ್ಲಿ ವಕೀಲಿ ಶುರು ಮಾಡಿ ರೈತರು, ಕಾರ್ಮಿಕರ ಪರ ನಿಂತರು. 1948ರಲ್ಲಿ, ಕಮ್ಯುನಿಸ್ಟರಿಗೆ ಸಹಾಯ ಮಾಡಿದರೆಂಬ ಆರೋಪದಲ್ಲಿ ಅವರನ್ನೇ ಸುಮಾರು ಒಂದು ತಿಂಗಳು ಜೈಲಿಗೆ ಹಾಕಿದರು. ಜೈಲಿನ ಗೋಡೆ ಒಳಗಿಂದ ಹೇಗೆ ಕಾಣ್ತದೆ ಅಂತ ಗೊತ್ತಿದ್ದ ವಕೀಲ ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾದರೆ ಏನಾಗ್ತದೆ? ಒಬ್ಬ ಕೈದಿ ಜೈಲಿನಿಂದ ಬರೆದ ಕಾಗದವೇ ಅರ್ಜಿ ಆಗ್ತದೆ. ಸುನಿಲ್ ಬಾತ್ರಾ ಪ್ರಕರಣದಲ್ಲಿ ಆದದ್ದು ಅದೇ.

ಬಡವರಿಗೆ ಕಾನೂನು ನೆರವು ಹೇಗೆ ಸಿಗಬೇಕು ಅಂತ ಅವರ ಅಧ್ಯಕ್ಷತೆಯ ಸಮಿತಿ 1973ರಲ್ಲಿ ವರದಿ ಕೊಟ್ಟಿತು. 1976ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ಕ್ಕೆ. ನಮ್ಮ ದೇಶದ ವೇಗ ನೋಡಿ!

ನಮಗೆ ಮುಖ್ಯವಾದದ್ದು 1978ರ ಹೊಸ್ಕೋಟ್ ಪ್ರಕರಣ. ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಪದವಿ ಪತ್ರ ಮಾಡಲು ಹೊರಟ ಆರೋಪ. ಅಪರಾಧಿ ಅಂತ ತೀರ್ಮಾನವೂ ಆಗಿತ್ತು. ಮೇಲ್ಮನವಿಗೆ ಬೇಕಾದ ಹೈಕೋರ್ಟ್ ತೀರ್ಪಿನ ನಕಲು ಜೈಲಿನಲ್ಲಿ ನನ್ನ ಕೈಗೆ ಸಿಗಲೇ ಇಲ್ಲ ಅಂದ ಆತ. ಅಷ್ಟರಲ್ಲಿ ಶಿಕ್ಷೆಯೇ ಮುಗಿದಿತ್ತು. ಕೃಷ್ಣ ಅಯ್ಯರ್ ಆತನ ಅರ್ಜಿಯನ್ನು ವಜಾ ಮಾಡಿದರು. ಆದರೆ ಅದೇ ತೀರ್ಪಿನಲ್ಲಿ, ಕೈದಿಗೆ ತೀರ್ಪಿನ ನಕಲು ಉಚಿತವಾಗಿ, ತಡವಿಲ್ಲದೆ ಕೊಡಲೇಬೇಕು, ವಕೀಲನನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವನಿಗೆ ಸರಕಾರವೇ ವಕೀಲನನ್ನು ಕೊಡಬೇಕು ಅಂತ ಬರೆದರು. ಕೇಸು ಸೋತವನಿಂದ ದೇಶಕ್ಕೇ ಹಕ್ಕು ಸಿಕ್ಕಿತು.

ಈಗ ಅಜ್ಜನ ಕಾಗದಕ್ಕೆ ಬನ್ನಿ. ಆರೋಪಿಗೆ ಗೊತ್ತಿಲ್ಲದ ಭಾಷೆಯಲ್ಲಿ ಸಾಕ್ಷಿ ನುಡಿದರೆ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಕೋರ್ಟಿನಲ್ಲೇ ಅದನ್ನು ಹೇಳಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಂಟು. ಆರೋಪಿ ಕೇಳಿದರೆ, ಸಾಧ್ಯವಿದ್ದಲ್ಲಿ ತೀರ್ಪಿನ ಅನುವಾದವನ್ನು ಅವನ ಭಾಷೆಯಲ್ಲೇ ಉಚಿತವಾಗಿ ಕೊಡಬೇಕು. "ಕೇಳಿದರೆ" ಅಂತ ಉಂಟು, ನೆನಪಿರಲಿ. ಕೇಳುವವರು ಯಾರು? ವಿದ್ಯಾನಗರದ ಕೋರ್ಟಿನಲ್ಲಿ ಕನ್ನಡ ಓದಿ ಬರೆಯುವ ವಕೀಲರು ಇಲ್ಲದಿದ್ದರೆ ಕೇಳುವ ಬಾಯಿಯೇ ಇಲ್ಲ. ಪ್ಲಸ್ ಟು ಮುಗಿಸಿದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮ್ಮಲ್ಲಿ ಇಬ್ಬರಾದರೂ ಕಾನೂನು ಓದಿ. ಓದ್ಲಿಕ್ಕೆ ಆಗದವರು ಅರೆಕಾನೂನು ಸ್ವಯಂಸೇವಕರಾಗಬಹುದು, ಅದಕ್ಕೆ ಕಾನೂನು ಪದವಿ ಬೇಡ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು — ಇವರಿಗೆ ಆದಾಯ ನೋಡದೆ ಉಚಿತ ನೆರವು ಸಿಗ್ತದೆ. ಸಹಾಯವಾಣಿ 15100. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಸ್ಥಳೀಯ ಭಾಷೆಯಲ್ಲಿ ಇರಬಹುದು ಅನ್ನುತ್ತದೆ ನಿಯಮ. ಅಗಲ್ಪಾಡಿಯ ಸ್ಥಳೀಯ ಭಾಷೆ ಯಾವುದು ಮಾರಾಯ್ರೇ? ಕನ್ನಡದಲ್ಲೇ ಬರೆದು ಕೊಡಿ. ತೆಗೊಳ್ಳುದಿಲ್ಲ ಅಂದ್ರೆ, ಆ ಮಾತನ್ನೇ ಬರೆದು ಸಹಿ ಹಾಕಿ ಕೊಡಿ ಅನ್ನಿ. ಅದನ್ನು ನಮಗೆ ತಂದು ಕೊಡಿ, ಮುಂದಿನ ಕೆಲಸ ನಾವು ಒಟ್ಟಿಗೆ ಮಾಡುವ.